ಊರ ಅಗಸಿಗೆ ಬಂದ ಸಂವಿಧಾನದ ತೇರು

ತೇರೆಂದರೆ ಏನೆಂದು ನಮ್ಮ ಸೀಮೆಯ ಭಕ್ತರಿಗೆ ಹೇಳಿಕೊಡಬೇಕಾಗಿಲ್ಲ. ಹಗ್ಗಕ್ಕೆ ಕೈ ಹಚ್ಚುವುದು, ಉತ್ತತ್ತಿ ಬಾಳೆಹಣ್ಣು ತೂರುವುದು, ಪಾದಗಟ್ಟೆಯ ತನಕ ಎಳೆದು ಮರಳಿ ತಂದು ನಿಲ್ಲಿಸುವುದು. ಅಲ್ಲಿಂದ ಮುಂದೆ ಒಂದು ವರ್ಷ ತೇರಿನ ಮನೆಗೆ ಬೀಗ. ಇದು ಹಿರಿಯರಿಂದ ನಡೆದು ಬಂದ ಪದ್ಧತಿ. 2024ರ ಜನವರಿ 26ರಂದು ಹೊರಟು ತಿಂಗಳೊಪ್ಪತ್ತು ಕನ್ನಡ ನಾಡನ್ನು ಸುತ್ತಿದ ತೇರು ಮಾತ್ರ ಬೇರೆ ಬಗೆಯದು. ನಮ್ಮ ದೇಶದ ಸಂವಿಧಾನ ಜಾರಿಗೆ ಬಂದು ಎಪ್ಪತ್ತೈದನೆಯ ವರ್ಷಕ್ಕೆ ಕಾಲಿಟ್ಟ ನಿಮಿತ್ತ ರಾಜ್ಯ ಸರಕಾರ ‘ಸಂವಿಧಾನ ಜಾಗೃತಿ ಜಾಥಾ’ ಎಂಬ ಹೆಸರಿನಿಂದ ಸ್ತಬ್ಧಚಿತ್ರದ ವಾಹನಗಳನ್ನು ಜಿಲ್ಲೆ ಜಿಲ್ಲೆಗೂ ಕಳಿಸಿಕೊಟ್ಟಿತು. ಗ್ರಾಮ ಪಂಚಾಯತಿ ಇರುವ ಪ್ರತಿಯೊಂದು ಊರಿನ ಅಗಸಿಗೂ ಅದು ಮುಟ್ಟಬೇಕೆಂಬುದು ಸಂಕಲ್ಪ. ಫೆಬ್ರುವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಸಮಾವೇಶ ನಡೆದು ಅದು ಮುಕ್ತಾಯವಾಯಿತು.

ವಾಹನದ ಮೇಲೆ ಡಾ. ಅಂಬೇಡ್ಕರರ ಪ್ರತಿಮೆ, ದೊಡ್ಡ ಅಕ್ಷರದಲ್ಲಿ ಸಂವಿಧಾನದ ಪೀಠಿಕೆ, ಚಿತ್ರ ತೋರಿಸುವ ಪರದೆ. ಊರಿನವರು ಅದನ್ನು ಬರಮಾಡಿಕೊಂಡದ್ದು ತೇರಿನಂತೆಯೇ. ಡೊಳ್ಳು, ಹಲಗೆ, ಪೂರ್ಣಕುಂಭ ಹೊತ್ತ ತಾಯಂದಿರು, ಸಾಲಾಗಿ ನಿಂತ ಶಾಲೆಯ ಮಕ್ಕಳು. ಪಂಚಾಯತಿಯವರು ಹಾರ ಹಾಕಿದರು, ಮಾಸ್ತರರು ಪೀಠಿಕೆ ಓದಿಸಿದರು, ಮಕ್ಕಳು ದನಿಗೂಡಿಸಿದರು. ತಾಸೆರಡು ತಾಸಿನಲ್ಲಿ ವಾಹನ ಮುಂದಿನ ಊರಿನ ದಾರಿ ಹಿಡಿಯಿತು. ಎಲ್ಲವೂ ಚೆನ್ನಾಗಿಯೇ ಆಯಿತು. ತೇರು ಬಂತು, ತೇರು ಹೋಯಿತು. ಹೋದ ಮೇಲೆ ಊರಿನಲ್ಲಿ ಉಳಿದದ್ದು ಏನು ಎಂಬುದು ನಮ್ಮ ಇಂದಿನ ವಿಚಾರ.

ಪೀಠಿಕೆಯ ಬಗೆಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಅದು ‘ನಾವು’ ಎಂದು ಮಾತನಾಡುತ್ತದೆ. ಮಠದ ಬರವಣಿಗೆಯಲ್ಲಿಯೂ ‘ನಾವು’ ಎನ್ನುವುದು ರೂಢಿ. ಈ ಅಂಕಣದಲ್ಲಿಯೂ ಹಾಗೆಯೇ ಬರೆಯುತ್ತೇವೆ. ಆದರೆ ನಮ್ಮ ‘ನಾವು’ ಒಬ್ಬರ ಮಾತು, ಗೌರವಕ್ಕಾಗಿ ಬಹುವಚನ ತೊಟ್ಟದ್ದು. ಪೀಠಿಕೆಯ ‘ನಾವು’ ನಿಜವಾದ ಬಹುವಚನ. ಅದರೊಳಗೆ ಊರ ಗೌಡನೂ ಬಂದ, ಗೌಡನ ಮನೆಯ ದನ ಕಾಯುವ ಹುಡುಗನ ತಾಯಿಯೂ ಬಂದಳು. ಪ್ರದರ್ಶನದ ಎದುರು ನಿಂತು ಕೈಮುಗಿಯುವಾಗ ಇದು ಎಷ್ಟು ಜನರ ಲಕ್ಷ್ಯಕ್ಕೆ ಬರುತ್ತದೆಯೋ!

ಪ್ರಜಾಪ್ರಭುತ್ವದ ಪ್ರದರ್ಶನ ಎಂದರೆ ಸಾಮಾನ್ಯವಾಗಿ ಎಲ್ಲೆಡೆಯೂ ಇರುವ ಚಿತ್ರಗಳು ಒಂದೇ ಬಗೆಯವು. ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ ಅವರು ಕೈಯಾರೆ ಬರೆದ, ಶಾಂತಿನಿಕೇತನದ ನಂದಲಾಲ ಬೋಸರೂ ಅವರ ಶಿಷ್ಯರೂ ಚಿತ್ರ ತೆಗೆದ ಸಂವಿಧಾನದ ಪುಟಗಳು, ಕರಡು ಸಮಿತಿಯ ಹಿರಿಯರು, ಸಂಸತ್ ಭವನ, ತಮಿಳು ನಾಡಿನ ಉತ್ತರಮೇರೂರಿನ ಶಾಸನ, ನಮ್ಮ ಕಡೆಗಾದರೆ ತಪ್ಪದೆ ಕಲ್ಯಾಣದ ಅನುಭವ ಮಂಟಪ. ಇಂಥ ಚಿತ್ರಗಳ ಮುಂದೆ ಹಲಸಂಗಿಯ ಅಜ್ಜಿಯೊಬ್ಬಳು ನಿಂತು, “ಅಪ್ಪಾರ, ಇದರಾಗ ನಮ್ಮಂಥವರು ಎಲ್ಲಿ ಅದಾರ್ರಿ?” ಎಂದು ಕೇಳಿದಳೆನ್ನಿ. ಏನು ಉತ್ತರ ಕೊಡೋಣ? ನಗೆಯಾಡಿ ಬಿಡುವ ಪ್ರಶ್ನೆ ಇದಲ್ಲ. ಇಡೀ ಪ್ರದರ್ಶನವನ್ನು ಆ ಅಜ್ಜಿಯ ಕಣ್ಣಿನಿಂದ ಒಮ್ಮೆ ನೋಡೋಣ.

ಮೊದಲು ನಮ್ಮ ಹೆಮ್ಮೆಯ ಅನುಭವ ಮಂಟಪ. ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮಲ್ಲಿ ಪಾರ್ಲಿಮೆಂಟು ಇತ್ತು ಎಂದು ಭಾಷಣಗಳಲ್ಲಿ ಹೇಳುವುದು ಈಗ ವಾಡಿಕೆಯಾಗಿದೆ. ಕೇಳಲು ಹಿತವಾದ ಮಾತು. ಆದರೆ ಇದ್ದದ್ದನ್ನು ಇದ್ದಷ್ಟೇ ಹೇಳುವುದು ಶರಣರಿಗೆ ಸಲ್ಲಿಸುವ ಮರ್ಯಾದೆ. ಅಲ್ಲಿ ಮತದಾನವಿರಲಿಲ್ಲ, ಕ್ಷೇತ್ರಗಳಿರಲಿಲ್ಲ, ಐದು ವರ್ಷದ ಅವಧಿ ಇರಲಿಲ್ಲ. ಅಲ್ಲಿಯ ಗೋಷ್ಠಿಗಳು ಸಂವಾದದ ರೂಪದಲ್ಲಿ ನಮಗೆ ದೊರೆಯುವುದು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಶೂನ್ಯಸಂಪಾದನೆಯಿಂದ. ಹಾಗಾದರೆ ಮಂಟಪದ ಹೆಚ್ಚುಗಾರಿಕೆ ಯಾವುದು? ಅಲ್ಲಿ ಮಾತನಾಡಿದವರು ಯಾರು ಎಂಬುದನ್ನು ನೋಡಿರಿ. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಕೊಟ್ಟಣ ಕುಟ್ಟುವ ಸೋಮಮ್ಮ, ನೂಲುವ ಕದಿರ ರೆಮ್ಮವ್ವೆ, ಸೂಳೆ ಸಂಕವ್ವೆ. ಇವರಲ್ಲಿ ಕೆಲವರ ಹೆಸರಿನಲ್ಲಿ ನಮಗೆ ದೊರೆತದ್ದು ಒಂದೆರಡು ವಚನ ಮಾತ್ರ. ಒಂದೇ ವಚನವಾದರೂ ಅದರ ಕೆಳಗೆ ಅವರ ಅಂಕಿತವಿದೆ. ಕೊಟ್ಟಣ ಕುಟ್ಟುವ ಹೆಣ್ಣುಮಗಳು ತನ್ನ ಮಾತಿಗೆ ತಾನೇ ಅಂಕಿತ ಹಾಕಿದಳು. ಗಂಡನ ಹೆಸರಿನಿಂದಲ್ಲ, ಒಡೆಯನ ಹೆಸರಿನಿಂದಲ್ಲ. ಎಂಟುನೂರು ವರ್ಷಗಳ ಹಿಂದಿನ ಲೋಕದಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮ ಅಜ್ಜಿಗೆ ತೋರಿಸಬಹುದಾದ ಚಿತ್ರ ಇದು.

ಆದರೆ ಕಲ್ಯಾಣದ ಕಥೆ ಅಲ್ಲಿಗೇ ಮುಗಿಯಲಿಲ್ಲ ಎಂಬುದೂ ಭಕ್ತರಿಗೆ ಗೊತ್ತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಆಸ್ಥಾನ ಅದನ್ನು ಸಹಿಸಲಿಲ್ಲ. ಹಿರಿಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪುರಾಣ ಪರಂಪರೆ ಹೇಳುತ್ತದೆ. ಶರಣರು ಚದುರಿ ಹೋದರು. ಮಂಟಪದಲ್ಲಿ ಮಾತಿಗೆ ಬೆಲೆಯಿತ್ತು. ಮಂಟಪದ ಹೊಸ್ತಿಲು ದಾಟಿದರೆ ಆ ಮಾತನ್ನು ಕಾಯುವ ಕಾನೂನು ಇರಲಿಲ್ಲ. ದೊರೆಯ ಮನಸ್ಸೇ ಕಾನೂನು. ಬಸವಣ್ಣನವರಂಥವರು ಭಂಡಾರಿಯ ಸ್ಥಾನದಲ್ಲಿದ್ದರೂ ತಡೆಯಲಾಗಲಿಲ್ಲ. ಇಂದು ಬೇರೆ ಬೇರೆ ಜಾತಿಯ ಇಬ್ಬರು ಮದುವೆಯಾದರೆ ಅವರನ್ನು ಶಿಕ್ಷಿಸುವ ಅಧಿಕಾರ ಯಾವ ದೊರೆಗೂ ಇಲ್ಲ, ಯಾವ ಮಠಕ್ಕೂ ಇಲ್ಲ, ಯಾವ ಊರ ದೈವಕ್ಕೂ ಇಲ್ಲ. ಶಿಕ್ಷಿಸಲು ಹೋದವನೇ ಅಪರಾಧಿ. ಸಂವಿಧಾನವನ್ನು ಅನುಭವ ಮಂಟಪದ ಪಕ್ಕದಲ್ಲಿ ಇಟ್ಟು ನೋಡಿದಾಗ ನಮಗೆ ಕಾಣುವ ಮುಖ್ಯ ವ್ಯತ್ಯಾಸ ಇದು. ಹಾಗೆಂದು ಕೊಲೆಗಳು ನಿಂತಿಲ್ಲ. ಮಗಳ ಮದುವೆಗಾಗಿ ಮಗಳನ್ನೇ ಕೊಂದ ಸುದ್ದಿ ಇಂದಿಗೂ ಪತ್ರಿಕೆಯಲ್ಲಿ ಓದುತ್ತೇವೆ. ಆದರೆ ಕೊಂದವನು ಇಂದು ನ್ಯಾಯಾಲಯದ ಮುಂದೆ ನಿಲ್ಲಬೇಕಾಗುತ್ತದೆ.

ಉತ್ತರಮೇರೂರಿನ ಶಾಸನವನ್ನೂ ಅಜ್ಜಿಯ ಕಣ್ಣಿನಿಂದಲೇ ನೋಡೋಣ. ಚೋಳ ಪರಾಂತಕನ ಕಾಲದಲ್ಲಿ, ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ತಾಳೆಯ ಗರಿಯ ಮೇಲೆ ಹೆಸರು ಬರೆದು ಗಡಿಗೆಯಲ್ಲಿ ಹಾಕಿ ಸಣ್ಣ ಹುಡುಗನ ಕೈಯಿಂದ ಎತ್ತಿಸಿ ಸಮಿತಿಯವರನ್ನು ಆರಿಸುತ್ತಿದ್ದರು. ಲೆಕ್ಕ ಒಪ್ಪಿಸದವನಿಗೂ ಅವನ ಹತ್ತಿರದ ನಂಟರಿಗೂ ಮತ್ತೆ ಅವಕಾಶವಿಲ್ಲ ಎಂಬ ಕಟ್ಟುನಿಟ್ಟು ಬೇರೆ. ಇಂದಿನವರು ಕಲಿಯಬೇಕಾದ ಕಟ್ಟಳೆ! ಆದರೆ ಗಡಿಗೆಯೊಳಗೆ ಹೆಸರು ಬೀಳಬೇಕಾದರೆ ಸ್ವಂತ ಭೂಮಿ ಬೇಕು, ಸ್ವಂತ ನಿವೇಶನದ ಮೇಲೆ ಮನೆ ಬೇಕು, ವೇದದ ಓದು ಬೇಕು. ದನ ಕಾಯುವ ಹುಡುಗನ ತಾಯಿಗೆ ಅಲ್ಲಿ ಗಡಿಗೆಯ ಹತ್ತಿರವೂ ಜಾಗವಿರಲಿಲ್ಲ.

ನಮ್ಮ ಅಜ್ಜಂದಿರ ಕಾಲಕ್ಕೂ ಪರಿಸ್ಥಿತಿ ಬಹಳ ಬದಲಾಗಿರಲಿಲ್ಲ. ವಚನಗಳನ್ನು ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗಿ, ಮನೆ ಮಾರಿ ಮುದ್ರಣಾಲಯ ನಡೆಸಿದ ಪೂಜ್ಯ ಫ.ಗು. ಹಳಕಟ್ಟಿಯವರು ವಿಜಯಪುರದ ವಕೀಲರು. 1920ರ ಸುಮಾರಿಗೆ ಅವರು ಮುಂಬಯಿ ಶಾಸನ ಸಭೆಯ ಸದಸ್ಯರೂ ಆಗಿದ್ದರು. ಆಗಿನ ಕಾಯಿದೆಯಂತೆ ಓಟು ಇದ್ದದ್ದು ಸರಕಾರಕ್ಕೆ ನಿಗದಿಯಾದಷ್ಟು ಕಂದಾಯವನ್ನೋ ತೆರಿಗೆಯನ್ನೋ ಕಟ್ಟುವವರಿಗೆ ಮತ್ತು ಇಂಥವೇ ಕೆಲವು ಅರ್ಹತೆಯುಳ್ಳವರಿಗೆ. ಯಾವ ಹಳ್ಳಿಗಳ ಅಟ್ಟದಿಂದ ಹಳಕಟ್ಟಿಯವರು ತಾಳೆಗರಿ ಇಳಿಸಿ ತಂದರೋ ಆ ಹಳ್ಳಿಗಳ ಹೆಚ್ಚಿನ ಜನರಿಗೆ ಅವರನ್ನು ಆರಿಸುವ ಹಕ್ಕು ಇರಲಿಲ್ಲ. ಅವರು 1964ರವರೆಗೆ ಬದುಕಿದ್ದರು. ಆ ಜನರೆಲ್ಲ ಸಾಲಿನಲ್ಲಿ ನಿಂತು ಓಟು ಹಾಕಿದ್ದನ್ನು ಕಾಣುವ ಭಾಗ್ಯ ಅವರದಾಯಿತು.

ಆ ಮೊದಲ ಸಾಲು ನಿಂತದ್ದು 1951-52ರಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಓಟಿನ ಹಕ್ಕು ಸಿಕ್ಕಿದ್ದು ಹದಿನೇಳು ಕೋಟಿಗೂ ಹೆಚ್ಚು ಜನರಿಗೆ. ಓದಲು ಬಾರದವರು ಹೇಗೆ ಆರಿಸಬೇಕು? ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಒಂದೊಂದು ಉಮೇದುವಾರನಿಗೆ ಒಂದೊಂದು ಕಬ್ಬಿಣದ ಪೆಟ್ಟಿಗೆ ಇಡಿಸಿ, ಅದರ ಮೇಲೆ ಅವನವನ ಗುರುತಿನ ಚಿತ್ರ ಹಚ್ಚಿಸಿದರು. ತಮಗೆ ಬೇಕಾದ ಗುರುತಿನ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬಂದರಾಯಿತು. ಕೆಲವೆಡೆ ಜನ ಪೆಟ್ಟಿಗೆಗೇ ಹೂವೇರಿಸಿ ಕೈಮುಗಿದರೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ನಗುವವರು ನಗಲಿ. ಪೆಟ್ಟಿಗೆಗೆ ಕೈಮುಗಿದವರು ಚೀಟಿಯನ್ನೂ ಹಾಕಿ ಬಂದಿದ್ದರು. ಇಂದು ತೇರಿಗೆ ಆರತಿ ಬೆಳಗಿ ಗ್ರಾಮಸಭೆಗೆ ಬಾರದವರಿಗಿಂತ ಅವರೇ ವಾಸಿ ಎಂದು ನಮಗನಿಸುತ್ತದೆ.

ಅದೇ ಚುನಾವಣೆಯ ಒಂದು ಸಂಗತಿಯನ್ನು ಯಾವ ಪ್ರದರ್ಶನದಲ್ಲಿಯೂ ದೊಡ್ಡದಾಗಿ ಬರೆದು ಹಾಕಬೇಕು. ಮತದಾರರ ಯಾದಿ ಬರೆಯಲು ಮನೆ ಮನೆಗೆ ಹೋದ ಸಿಬ್ಬಂದಿಗೆ ಲಕ್ಷಾಂತರ ಹೆಣ್ಣುಮಕ್ಕಳು ತಮ್ಮ ಹೆಸರನ್ನು ಹೇಳಲಿಲ್ಲ. ಪರಪುರುಷರ ಮುಂದೆ ಹೆಸರು ಹೇಳುವುದು ಸಂಪ್ರದಾಯವಲ್ಲ. ‘ಇಂಥವನ ತಾಯಿ’, ‘ಇಂಥವನ ಹೆಂಡತಿ’ ಎಂದಷ್ಟೇ ಬರೆಸಿದರು. ಆಯೋಗ ಒಪ್ಪಲಿಲ್ಲ. ಹೆಸರು ಹೇಳಿಸಲು ಮತ್ತೆ ಅವಕಾಶ ಕೊಟ್ಟಿತು. ಕಡೆಗೂ ಹೇಳದೆ ಉಳಿದ ಸುಮಾರು 28 ಲಕ್ಷ ಮಹಿಳೆಯರನ್ನು ಯಾದಿಯಿಂದ ತೆಗೆದುಹಾಕಬೇಕಾಯಿತು. ಇವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಪ್ರದೇಶಗಳ ಕಡೆಯವರು. ಆಯೋಗ ನಿಷ್ಠುರವಾಗಿ ನಡೆದುಕೊಂಡಿತು ಎಂದು ಮೇಲುನೋಟಕ್ಕೆ ಕಾಣಬಹುದು. ನಾವು ಹಾಗೆ ತಿಳಿಯುವುದಿಲ್ಲ. ನೀನು ಯಾರ ಹೆಂಡತಿ ಎಂದು ಕೇಳದೆ ನೀನು ಯಾರು ಎಂದು ಆ ತಾಯಂದಿರನ್ನು ಸರಕಾರವೊಂದು ಕೇಳಿದ್ದು ಬಹುಶಃ ಅದೇ ಮೊದಲು. ಮುಂದಿನ ಚುನಾವಣೆಗಳಲ್ಲಿ ಯಾದಿಯಲ್ಲಿ ಹೆಸರುಗಳು ಬಂದವು.

ಇಲ್ಲಿ ಹಲಸಂಗಿಯ ಮಾತು ಬರುತ್ತದೆ. ಹಲಸಂಗಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹಲಸಂಗಿ ಗೆಳೆಯರು: ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಕಾಲೇಜಿನ ಪಂಡಿತರು ಇತ್ತ ಮುಖ ಮಾಡುವ ಮೊದಲೇ ಇವರು ಬೀಸುವ ಕಲ್ಲಿನ ಮುಂದೆ, ಕುಟ್ಟುವ ಒರಳಿನ ಮುಂದೆ, ತೊಟ್ಟಿಲ ಹತ್ತಿರ ಕಿವಿಗೊಟ್ಟು ಕುಳಿತರು. 1931ರಲ್ಲಿ ಅಚ್ಚಾದ ‘ಗರತಿಯ ಹಾಡು’ ಹೀಗೆ ಹುಟ್ಟಿದ ಪುಸ್ತಕ. ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ವೂ ಇವರದೇ. ಒಂದೇ ಊರಿನ ಸುತ್ತ ಲಿಂಗವಂತರೂ ಮುಸಲ್ಮಾನರೂ ಕೂಡಿ ಕುಳಿತು ಮಾಡಿದ ಕೆಲಸವಿದು. ಇದಕ್ಕೆ ಯಾವ ಸರಕಾರದ ಸುತ್ತೋಲೆಯೂ ಬೇಕಾಗಿರಲಿಲ್ಲ.

ಆ ಪುಸ್ತಕದ ಶೀರ್ಷಿಕೆಯನ್ನೇ ನೋಡಿರಿ. ಗರತಿಯ ಹಾಡು. ಯಾವ ಗರತಿ? ಹೆಸರಿಲ್ಲ. ನೂರಾರು ಹೆಣ್ಣುಮಕ್ಕಳು ಕಟ್ಟಿದ ತ್ರಿಪದಿಗಳು, ತವರಿನ ನೆನಪು, ಅತ್ತೆಮನೆಯ ಅಳಲು, ಕೂಸಿನ ಮುದ್ದು, ಎಲ್ಲವೂ ಉಳಿದವು. ಕಟ್ಟಿದವಳ ಹೆಸರು ಉಳಿಯಲಿಲ್ಲ. ಗೆಳೆಯರನ್ನು ದೂರುವ ಮಾತು ಇದಲ್ಲ. ಜನಪದ ಹಾಡಿನ ಸ್ವಭಾವವೇ ಹಾಗೆ. ಬಾಯಿಂದ ಬಾಯಿಗೆ ಹೋಗುತ್ತ ಹಾಡು ಎಲ್ಲರದಾಗುತ್ತದೆ. ಆದರೂ ಹನ್ನೆರಡನೆಯ ಶತಮಾನದ ಸೋಮಮ್ಮನಿಗೆ ಅಂಕಿತವಿತ್ತು, ಇಪ್ಪತ್ತನೆಯ ಶತಮಾನದ ಗರತಿಗೆ ಇರಲಿಲ್ಲ ಎಂಬುದು ಮನಸ್ಸಿಗೆ ತಾಕುತ್ತದೆ. ಪುಸ್ತಕ ಬಂದ ಇಪ್ಪತ್ತು ವರ್ಷಕ್ಕೆ ಮತದಾರರ ಯಾದಿ ಬಂತು. ಹಾಡಿನ ಕೆಳಗೆ ಬಾರದ ಆ ಹೆಸರು, ಬಸವ್ವ ಎಂದೋ ನೀಲವ್ವ ಎಂದೋ ಫಾತಿಮಾ ಎಂದೋ, ಸರಕಾರದ ಕಾಗದದಲ್ಲಿ ಮೊದಲ ಸಲ ಸ್ವಂತ ಹೆಸರಾಗಿ ಅಚ್ಚಾಯಿತು. ಅಜ್ಜಿಯ ಪ್ರಶ್ನೆಗೆ ಉತ್ತರ ಇದೇ. “ತಾಯೀ, ಸ್ತಬ್ಧಚಿತ್ರದಾಗ ಹುಡುಕಬ್ಯಾಡ. ಪಂಚಾಯತಿಯ ಯಾದಿಯೊಳಗ ನೀ ಅದೀ.”

ಯಾದಿಯಲ್ಲಿ ಹೆಸರು ಬಂದ ಮೇಲೆ ಕುರ್ಚಿಯ ಮೇಲೆ ಬರಲು ಮತ್ತಷ್ಟು ಕಾಲ ಬೇಕಾಯಿತು. ಕೊಳವೆಬಾವಿ ತೋಡಿಸಿ ‘ನೀರ ಸಾಬ’ ಎಂದು ಜನರ ಬಾಯಲ್ಲಿ ಉಳಿದ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ 1987ರಲ್ಲಿ ಮಂಡಲ ಪಂಚಾಯತಿ ಚುನಾವಣೆ ನಡೆದು ನಾಲ್ಕರಲ್ಲಿ ಒಂದು ಪಾಲು ಸ್ಥಾನ ಮಹಿಳೆಯರಿಗೆ ದೊರೆಯಿತು. ಸಂವಿಧಾನದ 73ನೆಯ ತಿದ್ದುಪಡಿಯಾದ ಮೇಲೆ 1993ರ ಕಾಯಿದೆಯಿಂದ ಅದು ಮೂರರಲ್ಲಿ ಒಂದಾಯಿತು. 2010ರಲ್ಲಿ ಅರ್ಧವಾಯಿತು. ಲೆಕ್ಕಕ್ಕೆ ಸರಿ. ಆದರೆ ಅಧ್ಯಕ್ಷಳು ಹೆಂಡತಿ, ಆಡಳಿತ ಗಂಡನದು ಎಂಬ ಊರುಗಳು ಎಷ್ಟಿಲ್ಲ! ಸಭೆಯಲ್ಲಿ ಪತಿರಾಯರು ಕುಳಿತು ಮಾತನಾಡುತ್ತಾರೆ, ಅಮ್ಮನವರು ಮನೆಯಲ್ಲಿ ಚೆಕ್ಕಿಗೆ ಸಹಿ ಹಾಕುತ್ತಾರೆ. 1952ರಲ್ಲಿ ‘ಇಂಥವನ ಹೆಂಡತಿ’ ಎಂದು ಬರೆಸಿದವರ ಹೆಸರನ್ನು ಆಯೋಗ ಹೊಡೆದುಹಾಕಿತು. ಇಂದು ಹೆಸರು ಅವಳದೇ ಇದ್ದು ಆಡಳಿತ ಗಂಡನ ಕೈಯಲ್ಲಿದ್ದರೆ ಯಾವ ಆಯೋಗ ಬಂದು ಹೊಡೆದುಹಾಕಬೇಕು? ಇದನ್ನು ತಿದ್ದಬೇಕಾದವರು ಮನೆಯ ಹಿರಿಯರು. ಸೊಸೆಯನ್ನು ಸಭೆಗೆ ಕಳಿಸಿ ಮಗನನ್ನು ಹೊಲಕ್ಕೆ ಕಳಿಸಿದರೆ ಅರ್ಧ ರೋಗ ವಾಸಿಯಾದೀತು.

ಇನ್ನೊಂದು ರೋಗವಿದೆ. ಅದರ ಬಗ್ಗೆ ಬರೆಯಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡುವವರಿದ್ದಾರೆ, ಏಕೆಂದರೆ ಅದು ಗುಡಿಯ ಕಟ್ಟೆಯ ಮೇಲೆಯೇ ನಡೆಯುತ್ತದೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆಗಳು ನಡೆದಾಗ ರಾಜ್ಯದ ಕೆಲವು ಜಿಲ್ಲೆಗಳಿಂದ ಸದಸ್ಯತ್ವವನ್ನೇ ಹರಾಜು ಹಾಕಿದ ವರದಿಗಳು ಬಂದವು. ಕಠಿಣ ಕ್ರಮ ಕೈಗೊಳ್ಳುವುದಾಗಿ ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತು. ಹರಾಜಿನ ರೀತಿ ಹೀಗೆ. ನಾಮಪತ್ರಕ್ಕೆ ಮುಂಚೆ ಊರ ಹಿರಿಯರು ಗುಡಿಯಲ್ಲಿ ಕೂಡುತ್ತಾರೆ. ಚುನಾವಣೆಯಾದರೆ ಓಣಿ ಓಣಿಗೆ ಜಗಳ, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಕುಡಿತಕ್ಕೆ ದುಡ್ಡು ಹಾಳು; ಅದರ ಬದಲು ಯಾರು ಹೆಚ್ಚು ಕೊಡುತ್ತಾರೋ ಅವರೇ ಆಗಲಿ, ಆ ಹಣದಿಂದ ಗುಡಿ ಜೀರ್ಣೋದ್ಧಾರ ಮಾಡೋಣ ಎನ್ನುತ್ತಾರೆ. ಲಕ್ಷದಿಂದ ಲಕ್ಷಕ್ಕೆ ಸವಾಲು ಏರುತ್ತದೆ. ಗೆದ್ದವನೊಬ್ಬನೇ ನಾಮಪತ್ರ ಹಾಕುತ್ತಾನೆ. ಉಳಿದವರಾರೂ ಹಾಕಕೂಡದೆಂದು ದೈವದ ಅಪ್ಪಣೆಯಾಗುತ್ತದೆ. ಕಾಗದದ ಮೇಲೆ ‘ಅವಿರೋಧ ಆಯ್ಕೆ’.

ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಚುನಾವಣೆಯಿಂದ ಮನಸ್ಸು ಒಡೆದ ಊರುಗಳನ್ನು ನಾವೂ ಬಲ್ಲೆವು. ಜಾತ್ರೆಯಲ್ಲಿ ತೇರಿನ ಹಗ್ಗವನ್ನು ಒಂದು ಪಕ್ಷದವರು ಹಿಡಿದರೆಂದು ಇನ್ನೊಂದು ಪಕ್ಷದವರು ಬಿಟ್ಟುಹೋದ ಊರುಗಳಿವೆ. ಎಲ್ಲರನ್ನೂ ಕೇಳಿ, ಎಲ್ಲರೂ ಮನಃಪೂರ್ವಕ ಒಪ್ಪಿ, ಒಬ್ಬ ಯೋಗ್ಯನನ್ನು ಆರಿಸಿದರೆ ಅದಕ್ಕೆ ಕಾಯಿದೆಯ ಅಡ್ಡಿಯೂ ಇಲ್ಲ, ನಮ್ಮ ಅಡ್ಡಿಯೂ ಇಲ್ಲ. ಆದರೆ ‘ಎಲ್ಲರನ್ನೂ’ ಎಂದರೆ ಯಾರನ್ನು? ಆ ಕಟ್ಟೆಯ ಮೇಲೆ ಕುಳಿತವರನ್ನು ಎಣಿಸಿ ನೋಡಿರಿ. ಹೆಣ್ಣುಮಕ್ಕಳು ಒಬ್ಬರೂ ಇರುವುದಿಲ್ಲ. ಕೇರಿಯವರು ಬಂದಿದ್ದರೆ ಕಟ್ಟೆಯ ಕೆಳಗೆ ನಿಂತಿರುತ್ತಾರೆ. ತಾಂಡಾದವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿರುತ್ತಾರೆ. ಉಳಿದವರು ಹತ್ತೋ ಹನ್ನೆರಡೋ ಮಂದಿ ಯಜಮಾನರು. ಸಾವಿರ ಜನ ಗುಟ್ಟಾಗಿ ಹೇಳಬೇಕಾಗಿದ್ದ ಮಾತನ್ನು ಹತ್ತು ಮಂದಿ ಕೂಗಿ ಮಾರಿದಂತಾಯಿತು. ಇದು ಉತ್ತರಮೇರೂರಿನ ಗಡಿಗೆಗಿಂತಲೂ ಕೀಳು. ಅಲ್ಲಿ ಹೆಸರನ್ನಾದರೂ ಹಾಕುತ್ತಿದ್ದರು, ಇಲ್ಲಿ ಬರಿಯ ಹಣದ ಮೊತ್ತ.

ಹಣ ಗುಡಿಗೆ ಹೋಗುತ್ತದೆ, ನಮ್ಮ ಕಿಸೆಗೆ ಹೋಗುವುದಿಲ್ಲ ಎಂಬ ಸಮಾಧಾನ ಇಂಥಲ್ಲಿ ಕೇಳಿಬರುತ್ತದೆ. ಆಯ್ದಕ್ಕಿ ಮಾರಯ್ಯನ ಕಥೆ ಗೊತ್ತಿದ್ದವರು ಈ ಸಮಾಧಾನ ಹೇಳಲಾರರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದ. ತಂದದ್ದು ಜಂಗಮ ದಾಸೋಹಕ್ಕೇ, ತನ್ನ ಹೊಟ್ಟೆಗಲ್ಲ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಇದು ನಮ್ಮ ಪಾಲಿನದಲ್ಲ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಹೋಗುವ ಜಾಗ ಪವಿತ್ರವಾಗಿದೆ ಎಂಬ ಕಾರಣಕ್ಕೆ ಬಂದ ದಾರಿ ಪವಿತ್ರವಾಗುವುದಿಲ್ಲ ಎಂಬುದು ಅವಳ ನಿಲುವು. ಹರಾಜಿನಲ್ಲಿ ಹತ್ತು ಲಕ್ಷ ಕೊಟ್ಟವನು ಆ ಹತ್ತು ಲಕ್ಷವನ್ನು ಮುಂದಿನ ಐದು ವರ್ಷದಲ್ಲಿ ಎಲ್ಲಿಂದ ಎತ್ತಿಕೊಳ್ಳುತ್ತಾನೆ? ಉದ್ಯೋಗ ಖಾತರಿಯ ಕೂಲಿಯಿಂದ, ಬಡವರ ಮನೆಯ ಕಂತಿನಿಂದ, ಕುಡಿಯುವ ನೀರಿನ ಪೈಪಿನಿಂದ. ಹಾಗಾದರೆ ಗುಡಿಯ ಕಳಸಕ್ಕೆ ಹಣ ಕೊಟ್ಟವರು ಯಾರೆಂದಾಯಿತು? ಹಣ ಕೊಟ್ಟು ಎದುರಾಳಿಗಳನ್ನು ಕಣದಿಂದ ಹಿಂದೆಗೆಸುವುದು ಕಾಯಿದೆಯ ಕಣ್ಣಿನಲ್ಲಿ ಲಂಚವೇ. ಅದು ದಂಡನೆಗೆ ಒಳಗಾಗುವ ಅಪರಾಧ. ಗುಡಿಯ ಟ್ರಸ್ಟಿನವರು ಇದನ್ನು ತಿಳಿದಿರುವುದು ಒಳ್ಳೆಯದು. ಇಂಥ ಹಣದಿಂದ ಕಟ್ಟಿದ ಮಹಾದ್ವಾರದ ಉದ್ಘಾಟನೆಗೆ ಮಠಾಧೀಶರು ಬರಕೂಡದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಅಂಬೇಡ್ಕರರು, ನಿರ್ಣಯ ಮಂಡನೆ, ಕೋರಂ, ಮತ ಎಣಿಕೆಗಳ ಪದ್ಧತಿ ಬೌದ್ಧ ಭಿಕ್ಷು ಸಂಘಗಳಿಗೂ ಗೊತ್ತಿತ್ತೆಂದು ನೆನಪು ಮಾಡಿಕೊಟ್ಟರು. ಒಮ್ಮೆ ಇದ್ದದ್ದನ್ನು ಈ ದೇಶ ಕಳೆದುಕೊಂಡಿದೆ, ಮತ್ತೊಮ್ಮೆ ಕಳೆದುಕೊಂಡೀತೇ ಎಂಬ ಆತಂಕವನ್ನೂ ತೋಡಿಕೊಂಡರು. ದೊರೆಗಳು ಬಂದು ಕಸಿದುಕೊಂಡರೆ ಕಳೆದುಕೊಳ್ಳುವುದು ಒಂದು ಬಗೆ. ಊರವರೇ ಗುಡಿಯ ಕಟ್ಟೆಯಲ್ಲಿ ಕುಳಿತು ಸವಾಲು ಕೂಗಿ ಕಳೆದುಕೊಳ್ಳುವುದನ್ನು ಏನೆನ್ನಬೇಕು?

ಕೋರಂ ಮಾತು ಬಂದದ್ದರಿಂದ ಗ್ರಾಮಸಭೆಯ ಕಟ್ಟಳೆಯನ್ನು ಹೇಳುತ್ತೇವೆ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಬೇಕು. ಒಟ್ಟು ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು, ಇಲ್ಲವೆ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿಯಾದರೂ ಇರಬೇಕು. ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟು ಮಹಿಳೆಯರಿರಬೇಕು. ಮನೆ ಯಾರಿಗೆ, ಬಾವಿ ಎಲ್ಲಿಗೆ, ಯಾವ ರಸ್ತೆ ಮೊದಲು ಎಂಬುದನ್ನು ಅ��್ಲಿ ಎಲ್ಲರ ಮುಂದೆ ಮಾತನಾಡಬೇಕು, ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಸಭೆಯೇ ನಡೆಯದೆ ಮನೆ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವ ಚಾಳಿ ಕೆಲವೆಡೆ ಇದೆ. ಓದದೆ ಸಹಿ ಹಾಕಬೇಡಿರಿ. ಹೆಬ್ಬೆಟ್ಟು ಒತ್ತುವವರಾದರೆ ಮೊಮ್ಮಕ್ಕಳಿಂದ ಓದಿಸಿ ಕೇಳಿ ಒತ್ತಿರಿ. ಪುರಾಣ ಪ್ರವಚನಕ್ಕೆ ತಿಂಗಳುಗಟ್ಟಲೆ ಬಂದು ಕೂಡುವ ತಾಯಂದಿರಿಗೆ ಆರು ತಿಂಗಳಿಗೊಮ್ಮೆ ಅರ್ಧ ದಿನ ದೊಡ್ಡದಲ್ಲ. ಸುಗ್ಗಿಯ ಕಾಲದಲ್ಲಿ, ಜನ ದುಡಿಯಲು ಊರು ಬಿಟ್ಟು ಹೋದಾಗ ಸಭೆ ಕರೆಯುತ್ತಿದ್ದರೆ ದಿನ ಬದಲಿಸಿರೆಂದು ಮೊದಲೇ ಬರೆದುಕೊಡಬಹುದು. ಬಾಯಿಮಾತಿಗಿಂತ ಬರೆದುಕೊಟ್ಟು ಸ್ವೀಕೃತಿ ಪಡೆಯುವುದು ಮೇಲು.

ನಡೆಯಲಾಗದ ಹಿರಿಯರಿಗೂ ಈಗ ಅನುಕೂಲವಿದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ ಮನೆಯಲ್ಲಿಯೇ ಓಟು ಹಾಕುವ ಅವಕಾಶ ಸಿಕ್ಕಿತು. 2024ರ ಲೋಕಸಭೆ ಚುನಾವಣೆಗೆ ಆ ವಯಸ್ಸನ್ನು ಎಂಬತ್ತೈದಕ್ಕೆ ಏರಿಸಿದರು. ಇದು ತಾನಾಗಿ ಬರುವುದಿಲ್ಲ. ಚುನಾವಣೆಯ ಅಧಿಸೂಚನೆಯಾದ ಐದು ದಿನದೊಳಗೆ ನಮೂನೆ 12-ಡಿ ತುಂಬಿ ಕೊಡಬೇಕು. ಹಾಗೆ ಕೊಟ್ಟವರ ಮನೆಗೆ ಸಿಬ್ಬಂದಿಯೇ ಬರುತ್ತಾರೆ.

ಇನ್ನು ಯಾದಿಯ ಮಾತು. ಅಜ್ಜಿಯ ಹೆಸರು ರೇಶನ್ ಕಾರ್ಡಿನಲ್ಲಿ ಒಂದು ಬಗೆ, ಆಧಾರದಲ್ಲಿ ಇನ್ನೊಂದು ಬಗೆ, ಮತದಾರರ ಯಾದಿಯಲ್ಲಿ ಮತ್ತೊಂದು ಬಗೆ ಇರುವುದು ನಮ್ಮ ಕಡೆ ಅಪರೂಪವಲ್ಲ. ಗಂಗವ್ವ ಹೋಗಿ ಗಂಗಾಬಾಯಿ ಆಗಿರುತ್ತಾಳೆ, ಕೆಲವೆಡೆ ಸೊಸೆಯ ಭಾವಚಿತ್ರ ಅತ್ತೆಯ ಹೆಸರಿಗೆ ಅಂಟಿಕೊಂಡಿರುತ್ತದೆ. ಹೆಸರು ತಿದ್ದಿಸಲು, ಇಲ್ಲವೆ ಊರು ಬದಲಾದದ್ದನ್ನು ಬರೆಸಲು ನಮೂನೆ 8. ಹೊಸದಾಗಿ ಸೇರಿಸಲು ನಮೂನೆ 6. ಇದಕ್ಕೆ ತಾಲ್ಲೂಕಿಗೆ ಅಲೆಯಬೇಕಾಗಿಲ್ಲ. ಮತಗಟ್ಟೆಗೊಬ್ಬರು ಅಧಿಕಾರಿ ಇರುತ್ತಾರೆ, ಹೆಚ್ಚಿನ ಕಡೆ ಊರಿನ ಶಾಲೆಯ ಮಾಸ್ತರರೋ ಅಂಗನವಾಡಿಯ ತಾಯಿಯೋ ಆ ಕೆಲಸ ನೋಡುತ್ತಾರೆ. ಶುಲ್ಕವಿಲ್ಲ. ಅರ್ಜಿಯ ಮೇಲೆ ಗಂಡನ ಹೆಸರಿಗೂ ಒಂದು ಸಾಲು ಇದೆ, ಅದು ಎರಡನೆಯ ಸಾಲು. ಮೊದಲನೆಯ ಸಾಲಿನಲ್ಲಿ ಅಜ್ಜಿ ತನ್ನ ಹೆಸರನ್ನು ತಾನೇ ಹೇಳಿ ಬರೆಸಬೇಕು.